ನಾಲ್ವರ ಪ್ರಬಂಧ, ಒಬ್ಬರಿಗೆ ನೊಬೆಲ್

ಇಂಗಾಲದಿಂದ ಯುರೇನಿಯಂವರೆಗಿನ ಧಾತುಗಳು ಹುಟ್ಟಿದ್ದು ನಕ್ಷತ್ರಗಳಲ್ಲಿ ಎಂಬ ವಾದವನ್ನು ಸಾಕ್ಷ್ಯಸಮೇತ ಕಟ್ಟಿಕೊಟ್ಟ ದೀರ್ಘ ಪ್ರಬಂಧ 1957ರ ಅಕ್ಟೋಬರ್‌ನಲ್ಲಿ ‘ರಿವ್ಯೂಸ್ ಆಫ್ ಮಾಡರ್ನ್ ಫಿಸಿಕ್ಸ್’ನಲ್ಲಿ ಪ್ರಕಟವಾಯಿತು. ಬರೆದವರು ಮಾರ್ಗರೆಟ್ ಬರ್ಬಿಜ್, ಅವರ ಪತಿ ಜೆಫ್ರಿ ಬರ್ಬಿಜ್, ವಿಲಿಯಂ ಫೌಲರ್ ಮತ್ತು ಫ್ರೆಡ್ ಹಾಯ್ಲ್.

ಅದರ ನಿಜವಾದ ಬಲ ಸಿದ್ಧಾಂತ, ಪ್ರಯೋಗ, ಆಕಾಶವೀಕ್ಷಣೆ ಎಂಬ ಮೂರು ಬಗೆಯ ಜ್ಞಾನ ಒಂದನ್ನೊಂದು ಪರೀಕ್ಷಿಸಿದ ರೀತಿಯಲ್ಲಿದೆ. ಮೂರು ಹೀಲಿಯಂ ನ್ಯೂಕ್ಲಿಯಸ್‌ಗಳು ಕೂಡಿ ಇಂಗಾಲವಾಗಬೇಕಾದರೆ ಇಂಗಾಲಕ್ಕೆ ಸುಮಾರು 7.7 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್‌ನ ಶಕ್ತಿಮಟ್ಟವೊಂದು ಇರಲೇಬೇಕೆಂದು ಹಾಯ್ಲ್ 1953ರಲ್ಲಿ ಕ್ಯಾಲ್ಟೆಕ್‌ನಲ್ಲಿ ಪಟ್ಟು ಹಿಡಿದರು. ಫೌಲರ್‌ಗೆ ಮೊದಲು ನಂಬಿಕೆ ಬರಲಿಲ್ಲ. ಅಲ್ಲಿನ ವಾರ್ಡ್ ವೇಲಿಂಗ್ ತಂಡ ಹುಡುಕಿತು, ಅದು ಸಿಕ್ಕಿತು. ಇತ್ತ ಪಾಲ್ ಮೆರಿಲ್ 1952ರಲ್ಲೇ ಕೆಲವು ಕೆಂಪು ದೈತ್ಯ ನಕ್ಷತ್ರಗಳ ರೋಹಿತದಲ್ಲಿ ಟೆಕ್ನೀಷಿಯಂ ಗುರುತಿಸಿದ್ದರು. ಕೆಲವು ದಶಲಕ್ಷ ವರ್ಷಗಳಲ್ಲಿ ಕ್ಷಯಿಸಿಹೋಗುವ ಧಾತು ಅದು. ಅಂದರೆ ಆ ನಕ್ಷತ್ರಗಳು ಅದನ್ನು ಈಚೆಗೆ ತಾವೇ ತಯಾರಿಸಿರಬೇಕು. ಬೇರಿಯಂ ಹೆಚ್ಚಿರುವ ನಕ್ಷತ್ರದ ರೋಹಿತವನ್ನು ಬರ್ಬಿಜ್ ದಂಪತಿ ಬಿಡಿಸಿ ಓದಿದಾಗ, ನ್ಯೂಟ್ರಾನ್‌ಗಳು ನಿಧಾನವಾಗಿ ಸೇರಿ ಭಾರಧಾತುಗಳಾಗುವ ಪ್ರಕ್ರಿಯೆಗೂ ಆಕಾಶದ ಪುರಾವೆ ದೊರೆಯಿತು. ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಆಗ ಹೆಂಗಸರಿಗೆ ದೂರದರ್ಶಕದ ಸಮಯ ಸಿಗುತ್ತಿರಲಿಲ್ಲ; ಗಂಡನ ಹೆಸರಿನಲ್ಲಿ ಅರ್ಜಿ ಹಾಕಿ, ಅವರ ಸಹಾಯಕಿಯೆಂಬ ನೆಪದಲ್ಲಿ ಮಾರ್ಗರೆಟ್ ಕೆಲಸ ಮಾಡಿದರು. ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಅವರದು. ಅಕ್ಷರಕ್ರಮದಿಂದಲೇ ಬಂದಿದ್ದರೂ ನನಗೆ ಅದು ನ್ಯಾಯವೆನಿಸುತ್ತದೆ.

ತಪ್ಪುಗಳೂ ಇವೆ. ಒಂದು ಬಗೆಯ ಸೂಪರ್‌ನೋವಾದ ಬೆಳಕು ಕುಂದುವ ವೇಗವನ್ನು ಕ್ಯಾಲಿಫೋರ್ನಿಯಂ-254ರ ಅರ್ಧಾಯುಗೆ ತಾಳೆ ಹಾಕಿದ್ದು ಆಕರ್ಷಕವಾಗಿತ್ತು, ಆದರೆ ನಿಲ್ಲಲಿಲ್ಲ. ಆ ಬೆಳಕಿಗೆ ಕಾರಣ ನಿಕ್ಕಲ್-56 ಮತ್ತು ಕೋಬಾಲ್ಟ್-56ರ ಕ್ಷಯ ಎಂಬುದು ಮುಂದೆ ತಿಳಿಯಿತು. ಇದನ್ನು ನಾನು ದೊಡ್ಡ ದೋಷವೆನ್ನಲಾರೆ. ಪರೀಕ್ಷೆಗೆ ಒಡ್ಡಬಹುದಾದ ಮಾತನ್ನೇ ಅವರು ಆಡಿದ್ದರು.

ನನ್ನ ಆಕ್ಷೇಪ ಬೇರೆ ಕಡೆಗಿದೆ. ಭಾರಿ ನಕ್ಷತ್ರಗಳ ಒಡಲಲ್ಲಿ ಇಂಗಾಲದಿಂದ ನಿಕ್ಕಲ್‌ವರೆಗೆ ಧಾತುಗಳು ಹಂತಹಂತವಾಗಿ ಮೂಡುವ ಬಗೆಯನ್ನು ಹಾಯ್ಲ್ 1954ರಲ್ಲಿ ಒಬ್ಬರೇ ಬರೆದಿದ್ದರು. ನಾಲ್ವರ ಪ್ರಬಂಧದಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಗಲಿಲ್ಲ. ನಂತರದವರು ನಾಲ್ವರ ಪ್ರಬಂಧವನ್ನೇ ಉಲ್ಲೇಖಿಸುತ್ತ ಹೋದರು, 1954ರದು ಮರೆಗೆ ಸರಿಯಿತು. ಅದೇ 1957ರಲ್ಲಿ ಕೆನಡಾದ ಅಲೆಸ್ಟೆರ್ ಕ್ಯಾಮರನ್ ಸ್ವತಂತ್ರವಾಗಿ ಮುಟ್ಟಿದ ತೀರ್ಮಾನಗಳಿಗೂ ಸಮನಾದ ಮನ್ನಣೆ ಬರಲಿಲ್ಲ. 1983ರ ಭೌತವಿಜ್ಞಾನ ನೊಬೆಲ್ ಎಸ್. ಚಂದ್ರಶೇಖರ್ ಮತ್ತು ಫೌಲರ್ ನಡುವೆ ಹಂಚಿಹೋಯಿತು. ಫೌಲರ್ ಅದಕ್ಕೆ ಅರ್ಹರೇ. ಹಾಯ್ಲ್ ಅವರನ್ನು ಬಿಟ್ಟದ್ದು ಅನ್ಯಾಯ. ನಾಲ್ವರ ಪ್ರಬಂಧ ಓದುವವರು ಹಾಯ್ಲ್ ಅವರ 1954ರ ಬರಹವನ್ನೂ ಜೊತೆಗಿಟ್ಟು ಓದಬೇಕು.