ಬೋರ್ ನೀರು, ಬೂದು ಮಣ್ಣು, ಹಳದಿ ಕೇಪಳ

ಬೆಂಗಳೂರಿನ ರಾಮಮೂರ್ತಿ ನಗರದ ಯಾವ ಅಡ್ಡರಸ್ತೆಗೆ ಹೋದರೂ ಗೇಟಿನ ಪಕ್ಕ ಒಂದು ಕೇಪಳದ ಗಿಡ ಇದ್ದೇ ಇರುತ್ತದೆ. ನರ್ಸರಿಯವರು ಇಕ್ಸೋರಾ ಎಂದು ಕೊಟ್ಟದ್ದು. ತಂದ ಮೊದಲ ವರ್ಷ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಚಿಗುರು ಬಿಳಿಚಿಕೊಳ್ಳುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ನರಗಳೆಲ್ಲ ಹಸಿರು, ನಡುವಿನ ಜಾಗ ನಿಂಬೆ ಬಣ್ಣ. ಹಳೆಯ ಎಲೆ ಮೊದಲು ಹಳದಿಯಾದರೆ ಅದು ಸಾಮಾನ್ಯವಾಗಿ ಸಾರಜನಕದ ಕೊರತೆ, ಗೊಬ್ಬರ ಕೊಟ್ಟರೆ ಸರಿಹೋಗುತ್ತದೆ. ಹಳೆಯ ಎಲೆ ಚೆನ್ನಾಗಿದ್ದು ಹೊಸ ಎಲೆ ಹೀಗಾದರೆ ಹೆಚ್ಚಾಗಿ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದು ಅರ್ಥ. ನಮ್ಮ ಕೆಂಪು ಮಣ್ಣಿನ ಆ ಕೆಂಪೇ ಕಬ್ಬಿಣದ್ದು. ಅಷ್ಟು ಕಬ್ಬಿಣದ ನಡುವೆ ನಿಂತ ಗಿಡಕ್ಕೆ ಕಬ್ಬಿಣ ಸಿಗದೆ ಹೋಗುವುದು ಹೇಗೆ?

ಇದೇ ಕೇಪಳ ಇದೇ ರೀತಿ ಸೊರಗುವ ಇನ್ನೊಂದು ಊರು ಅಮೆರಿಕದ ಮಯಾಮಿ. ಫ್ಲಾರಿಡಾದ ದಕ್ಷಿಣ ತುದಿಯ ಎವರ್‌ಗ್ಲೇಡ್ಸ್ ಜೌಗಿನ ಅಂಚಿನಲ್ಲಿ ಮಾರ್ಲ್ ಎಂಬ ಮಣ್ಣಿದೆ. ಮಣ್ಣು ಎಂದರೆ ಬಂಡೆ ಸವೆದು ಆದದ್ದು ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಮಾರ್ಲ್ ಹುಟ್ಟುವುದು ನೀರಿನಿಂದ. ಅಲ್ಲಿ ತಳದಲ್ಲಿರುವುದು ಸುಣ್ಣದ ಕಲ್ಲು, ಅದರ ಮೇಲೆ ನಿಲ್ಲುವ ನೀರಿನಲ್ಲೂ ಸುಣ್ಣ ಕರಗಿರುತ್ತದೆ. ಆ ತೆಳು ನೀರಿನಲ್ಲಿ ಪಾಚಿ ದಪ್ಪ ಚಾಪೆಯಾಗಿ ಹಬ್ಬುತ್ತದೆ. ಬಿಸಿಲಿಗೆ ಪಾಚಿ ಆಹಾರ ತಯಾರಿಸಿಕೊಳ್ಳುವಾಗ ನೀರಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ, ನೀರು ಕ್ಷಾರವಾಗುತ್ತದೆ, ಕರಗಿದ್ದ ಸುಣ್ಣ ನುಣ್ಣನೆಯ ಹಿಟ್ಟಾಗಿ ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ಮುಳುಗಿ ಮಳೆಯಿಲ್ಲದ ತಿಂಗಳುಗಳಲ್ಲಿ ಒಣಗುವ ಕಡೆ ಮಾತ್ರ ಹೀಗೆ. ವರ್ಷವಿಡೀ ನೀರು ನಿಂತರೆ ಪೂರ್ತಿ ಕೊಳೆಯದೆ ಉಳಿದ ಸಸ್ಯಗಳ ಕಪ್ಪು ಪೀಟ್ ಶೇಖರವಾಗುತ್ತದೆ. ಅಂದರೆ ಅಲ್ಲಿ ಮಣ್ಣಿನ ಬಣ್ಣ ನೋಡಿಯೇ ವರ್ಷದಲ್ಲಿ ಎಷ್ಟು ಕಾಲ ನೀರು ನಿಂತಿತ್ತು ಎಂದು ಹೇಳಬಹುದು. ಮಣ್ಣು ನೋಡುವ ಹುಚ್ಚಿರುವವರಿಗೆ ಇದಕ್ಕಿಂತ ಸುಖದ ಸಂಗತಿ ಇನ್ನೇನಿದೆ!

ಆ ಮಾರ್ಲ್ ಬೂದು-ಬಿಳಿ ಬಣ್ಣದ್ದು, ಕೈಗೆ ನುಣುಪು, ಒಳಗೆ ನೀರು ಇಳಿಯುವುದು ಬಲು ನಿಧಾನ. ಪಿಎಚ್ ಏಳೂವರೆಯಿಂದ ಎಂಟೂವರೆ, ಅಂದರೆ ಕ್ಷಾರ. ರಂಜಕ, ಕಬ್ಬಿಣ, ಸತು, ಮ್ಯಾಂಗನೀಸ್ ಎಲ್ಲವೂ ಅಲ್ಲಿ ಗಿಡದ ಕೈಗೆ ಸುಲಭವಾಗಿ ಸಿಗುವುದಿಲ್ಲ. ಆದರೂ ಅಲ್ಲಿನ ರೈತರು ಏರು ಮಡಿ ಮಾಡಿ ತರಕಾರಿ ಬೆಳೆಯುತ್ತಾರೆ, ಕೆಸುವಿನ ಜಾತಿಯ ಗೆಡ್ಡೆ ಬೆಳೆಯುತ್ತಾರೆ.

ನಮ್ಮ ಕರಾವಳಿಯಲ್ಲಿ ಇಂಥ ಮಣ್ಣಿದೆಯೇ ಎಂದು ಕೇಳಿದರೆ ಹತ್ತಿರದ ಉತ್ತರ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಚಿಪ್ಪು ಧಾರಾಳ, ಒಂದು ಕಾಲಕ್ಕೆ ಗೋಡೆಗೂ ಎಲೆಯಡಿಕೆಗೂ ಬಳಸಿದ ಚಿಪ್ಪಿನ ಸುಣ್ಣ ಇಂಥ ಅಳಿವೆಗಳದ್ದೇ. ಆದರೆ ಘಟ್ಟದಿಂದ ಇಳಿಯುವ ಹೊಳೆ ತರುವುದು ಜಂಬಿಟ್ಟಿಗೆ ಸೀಮೆಯ ಹೂಳು, ಅದರ ಗುಣ ಹುಳಿ. ಹೀಗಾಗಿ ಗಜನಿ ಎಂದು ಕರೆಯುವ ಅಲ್ಲಿನ ಉಪ್ಪುನೀರಿನ ಗದ್ದೆಗಳು ಮಾರ್ಲ್ ಆಗಲಿಲ್ಲ. ಅಲ್ಲಿ ರೈತರನ್ನು ಕಾಡುವುದು ಉಪ್ಪು. ಅದಕ್ಕೆ ಮಾಣಿಕಟ್ಟಾದ ಕಡೆಯವರು ಕಂಡುಕೊಂಡ ಉತ್ತರ ಕಗ್ಗ ಭತ್ತ. ಮಳೆ ನೀರು ಉಪ್ಪನ್ನು ತೊಳೆದ ಮೇಲೆ ಬಿತ್ತಿ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುವ ಪದ್ಧತಿ. ಮಣ್ಣನ್ನು ಬದಲಿಸಲು ಹೋಗದೆ ಅದಕ್ಕೆ ಹೊಂದುವ ಬೆಳೆಯನ್ನು ಆರಿಸಿದವರ ಜಾಣ್ಮೆ ಅದು. ಕೈತೋಟದವರು ಕಲಿಯಬೇಕಾದ ಪಾಠವೂ ಅದೇ ಎಂದು ನಾನು ನಂಬಿದ್ದೇನೆ.

ಸಮುದ್ರದಿಂದ ಇಷ್ಟು ದೂರದ, ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನ ಪೂರ್ವ ಮೂಲೆಗೂ ಮಾರ್ಲಿಗೂ ಏನು ನಂಟು? ಮಾರ್ಲ್ ಆಗಲು ಮುಖ್ಯವಾಗಿ ಬೇಕಾದ್ದು ಎರಡು, ನಿಂತ ನೀರು ಮತ್ತು ಸುಣ್ಣ. ನಮ್ಮಲ್ಲಿ ಎರಡೂ ಇವೆ.

ಮೊದಲನೆಯದು ಊರಿನ ನೆಲೆಯಿಂದಲೇ ಬಂದದ್ದು. ಹೆಬ್ಬಾಳ, ನಾಗವಾರದ ಕಡೆಯಿಂದ ಇಳಿದ ನೀರು ಕಲ್ಕೆರೆ, ರಾಂಪುರ ಕೆರೆಗಳನ್ನು ಹಾಯ್ದು ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸೇರಿ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಆ ಸಾಲಿನ ತಗ್ಗಿನಲ್ಲೇ ನಮ್ಮ ಎಷ್ಟೋ ಬಡಾವಣೆಗಳು ಎದ್ದಿವೆ. ಜೋರು ಮಳೆಗೆ ಹೊರಮಾವಿನ ಸಾಯಿ ಲೇಔಟಿನಲ್ಲಿ ಮಂಡಿಯುದ್ದ ನೀರು ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಇಂಥ ಕಡೆ ಮನೆಗೆ ಪಾಯ ತೆಗೆಯುವಾಗ ಬಗ್ಗಿ ನೋಡುವುದು ನನ್ನ ಅಭ್ಯಾಸ. ಕಲ್ಕೆರೆ ರಸ್ತೆಯ ಪಕ್ಕ ಕಂಡದ್ದು ಹೀಗಿತ್ತು: ಮೇಲೆ ಲಾರಿಯಲ್ಲಿ ತಂದು ಸುರಿದ ಗೇಣುದ್ದ ಕೆಂಪು ಮಣ್ಣು; ಅದರ ಕೆಳಗೆ ಇಟ್ಟಿಗೆ ಚೂರು, ಟೈಲ್ಸ್ ತುಂಡು, ಸಿಮೆಂಟಿನ ಗಂಟು ಬೆರೆತ ಡೆಬ್ರಿ; ಅದಕ್ಕೂ ಕೆಳಗೆ ಕೆರೆಯ ಗೋಡು, ಅಂಟು ಅಂಟಾದ ಬೂದು ಜೇಡಿ. ಆ ಬೂದಿನ ಒಳಗೆ ಹಳೆಯ ಬೇರು ಓಡಿದ ದಾರಿಯಲ್ಲಿ ಮಾತ್ರ ತುಕ್ಕಿನ ಬಣ್ಣದ ಗೆರೆಗಳು.

ಈ ಬಣ್ಣಗಳನ್ನು ಓದಲು ಬಂದರೆ ಸಾಕು, ಅರ್ಧ ಮಣ್ಣುಶಾಸ್ತ್ರ ಬಂದಂತೆ. ಮಣ್ಣಿನಲ್ಲಿ ನೀರು ನಿಂತಾಗ ಗಾಳಿ ಆಡುವುದಿಲ್ಲ. ಸೂಕ್ಷ್ಮಜೀವಿಗಳು ಆಮ್ಲಜನಕ ಮುಗಿಸಿ, ಆಮೇಲೆ ನೈಟ್ರೇಟನ್ನು, ಮ್ಯಾಂಗನೀಸನ್ನು, ಅದರ ನಂತರ ಕಬ್ಬಿಣವನ್ನು ಹಿಡಿಯುತ್ತವೆ. ಕೆಂಪು ಕಬ್ಬಿಣ ಬಣ್ಣ ಕಳೆದುಕೊಂಡು ನೀರಿನಲ್ಲಿ ಕರಗುತ್ತದೆ, ಮಣ್ಣು ಬೂದಾಗುತ್ತದೆ. ಬೇರಿನ ದಾರಿಯಲ್ಲಿ ಒಂದಿಷ್ಟು ಗಾಳಿ ನುಸುಳಿದಲ್ಲಿ ಅದೇ ಕಬ್ಬಿಣ ಮತ್ತೆ ತುಕ್ಕಾಗಿ ನಿಲ್ಲುತ್ತದೆ. ಬೂದು ಮಣ್ಣಿನಲ್ಲಿ ತುಕ್ಕಿನ ಗೆರೆ ಕಂಡರೆ ಅಲ್ಲಿ ನೀರು ಏರಿ ಇಳಿಯುತ್ತಿದೆ ಎಂದೇ ತಿಳಿಯಿರಿ, ಮನೆಯ ದಲ್ಲಾಳಿ ಏನೇ ಹೇಳಲಿ.

ಎರಡನೆಯದು ಸುಣ್ಣ. ಡೆಬ್ರಿಯಲ್ಲಿರುವ ಸಿಮೆಂಟು ಒಂದು ಮೂಲ. ಅದಕ್ಕಿಂತ ದೊಡ್ಡದು ಬೋರ್ ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಇಲ್ಲದಿದ್ದರೆ 600ರ ತನಕ ಸಹಿಸಬಹುದು ಎಂದಿದೆ. ನಿಮ್ಮ ಬೋರಿನದು 300 ಎಂದೇ ಇಟ್ಟುಕೊಳ್ಳಿ. ಒಂದು ಕುಂಡಕ್ಕೆ ದಿನಕ್ಕೆ ಎರಡು ಲೀಟರ್ ಹಾಕಿದರೆ ವರ್ಷಕ್ಕೆ 730 ಲೀಟರ್ ಆಯಿತು, ಅದರಲ್ಲಿ ಸುಣ್ಣದ ಲೆಕ್ಕಕ್ಕೆ 219 ಗ್ರಾಂ. ಕುಂಡದ ತಳದಿಂದ ನೀರು ಹರಿದು ಹೋದರೆ ಬಹುಪಾಲು ಜೊತೆಗೇ ಹೋಗುತ್ತದೆ. ಕೆಳಗೆ ತಟ್ಟೆ ಇಟ್ಟು, ತೂತು ಕಟ್ಟಿಕೊಂಡು, ನೀರು ಒಳಗೇ ಆವಿಯಾದರೆ ಅಷ್ಟೂ ಅಲ್ಲೇ ಕೂರುತ್ತದೆ. ಕುಂಡದ ಅಂಚಿನ ಬಿಳಿ ಪಟ್ಟಿ ಅದರದ್ದೇ ಗುರುತು. ಇದರ ಮೇಲೆ ನಮ್ಮ ಮನೆಮಂದಿ ಪ್ರೀತಿಯಿಂದ ಮೊಟ್ಟೆ ಚಿಪ್ಪಿನ ಪುಡಿ ಹಾಕುತ್ತಾರೆ, ಒಲೆಯ ಬೂದಿ ಹಾಕುತ್ತಾರೆ. ಮಲೆನಾಡಿನ ಹುಳಿ ಮಣ್ಣಿಗೆ ಇವೆರಡೂ ಅಮೃತ. ಬೋರ್ ನೀರು ಕುಡಿಯುವ ಕುಂಡಕ್ಕೆ ದಯವಿಟ್ಟು ಬೇಡ.

ಈಗ ಮಳೆಗಾಲದ ನಂತರವೇ ಕೇಪಳ ಯಾಕೆ ಹೆಚ್ಚು ಹಳದಿಯಾಗುತ್ತದೆ ಎಂಬುದಕ್ಕೆ ಬರೋಣ. ಒದ್ದೆ ಮಣ್ಣಿನಲ್ಲಿ ಬೇರು, ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಅಲ್ಲೇ ತುಂಬಿಕೊಳ್ಳುತ್ತದೆ. ಅದು ಸುಣ್ಣವನ್ನು ಕರಗಿಸಿ ಬೈಕಾರ್ಬೊನೇಟ್ ಮಾಡುತ್ತದೆ. ಬೈಕಾರ್ಬೊನೇಟ್ ಹೆಚ್ಚಾದ ಕಡೆ ಬೇರಿಗೆ ಕಬ್ಬಿಣವನ್ನು ಹೀರಿ ಚಿಗುರಿಗೆ ಮುಟ್ಟಿಸುವುದು ಕಷ್ಟ. ಸುಣ್ಣ ಒಂದೇ ಇದ್ದರೂ ಗಿಡ ಹೇಗೋ ತಡೆದುಕೊಂಡೀತು. ಸುಣ್ಣದ ಜೊತೆ ನೀರೂ ನಿಂತಾಗ ಕೈಚೆಲ್ಲುತ್ತದೆ. ಆದ್ದರಿಂದ ಮದ್ದಿಗಿಂತ ಮೊದಲು ನೀರಿಗೆ ದಾರಿ ಮಾಡಬೇಕು ಎಂಬುದು ನನ್ನ ಹಟ.

ನೆಲದಲ್ಲಿ ನೆಟ್ಟಿದ್ದರೆ ಪಕ್ಕದಲ್ಲಿ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ನೋಡಿ. ಗಂಟೆಗೆ ಒಂದು ಅಂಗುಲ ಇಳಿದರೆ ಚಿಂತೆಯಿಲ್ಲ. ಮಾರನೆಯ ದಿನವೂ ನೀರಿದ್ದರೆ ಅಲ್ಲಿ ಗುಂಡಿ ತೆಗೆದು ನೆಡುವ ಬದಲು ಒಂದಡಿ ಎತ್ತರದ ಏರು ಮಡಿ ಕಟ್ಟಿ ಅದರ ಮೇಲೆ ನೆಡಿ. ಕುಂಡವಾದರೆ ತಟ್ಟೆ ತೆಗೆಯಿರಿ, ಇಟ್ಟಿಗೆ ಚೂರಿನ ಮೇಲೆ ಎತ್ತಿಡಿ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆಗುವುದು ತದ್ವಿರುದ್ಧ. ಮಣ್ಣಿನ ಸಣ್ಣ ರಂಧ್ರದಲ್ಲಿ ಹಿಡಿದುಕೊಂಡ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲೆ, ಬೇರಿಗೆ ಇನ್ನಷ್ಟು ಹತ್ತಿರ ಬಂದು ಕೂರುತ್ತದೆ. ಆಳದ ಕುಂಡ, ಒರಟು ಮರಳು ಬೆರೆಸಿದ ಕೆಂಪು ಮಣ್ಣು, ತಳದಲ್ಲಿ ತೆರೆದ ತೂತು, ಇಷ್ಟೇ ಸಾಕು.

ನೀರಿಗೆ ದಾರಿಯಾದ ಮೇಲೆ ಸುಣ್ಣದ ಪರೀಕ್ಷೆ: ಒಣಗಿದ ಮಣ್ಣಿನ ಹೆಂಟೆಯ ಮೇಲೆ ನಿಂಬೆರಸ ಹಿಂಡಿ. ಸಣ್ಣಗೆ ನೊರೆಯೆದ್ದರೂ ಸುಣ್ಣ ಸಾಕಷ್ಟಿದೆ. ಅಂಥ ಮಣ್ಣಿಗೆ ಗಂಧಕ ಹಾಕಿ ಹುಳಿ ಮಾಡಲು ಹೊರಡುವುದು ವ್ಯರ್ಥ ಸಾಹಸ, ನೂರು ಗ್ರಾಂ ಸುಣ್ಣ ಕರಗಬೇಕಾದರೆ 32 ಗ್ರಾಂ ಗಂಧಕ ಬೇಕು, ಅಷ್ಟರಲ್ಲಿ ಬೋರ್ ನೀರು ಹೊಸ ಸುಣ್ಣ ತಂದು ಹಾಕಿರುತ್ತದೆ. ಫೆರಸ್ ಸಲ್ಫೇಟನ್ನು ಮಣ್ಣಿಗೆ ಹಾಕಿದರೂ ಬೇಗನೆ ಗಿಡಕ್ಕೆ ಸಿಗದ ರೂಪಕ್ಕೆ ತಿರುಗುತ್ತದೆ. ಅದರ ಬದಲು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ನೆಲದ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಎಚ್ಚರ. ಬೇರಿಗೇ ಕೊಡಬೇಕೆಂದಿದ್ದರೆ ಇಡಿಡಿಎಚ್‌ಎ ಎಂದು ಬರೆದಿರುವ ಕಬ್ಬಿಣದ ಕೀಲೇಟ್ ಕೇಳಿ, ನೀರಿಗೆ ಹಾಕಿದರೆ ಗಾಢ ಕೆಂಪಾಗುತ್ತದೆ. ಅಂಗಡಿಯವರು ಹೆಚ್ಚಾಗಿ ಕೊಡುವ ಇಡಿಟಿಎ ಕೀಲೇಟ್ ಸುಣ್ಣದ ಮಣ್ಣಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎಲ್ಲಕ್ಕಿಂತ ಅಗ್ಗದ ಮದ್ದು ಮಳೆ ನೀರು. ನೂರು ಚದರ ಮೀಟರ್ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಎರಡು ಸಾವಿರ ಲೀಟರ್, ಅದರಲ್ಲಿ ಸುಣ್ಣ ಇಲ್ಲವೆಂದೇ ಹೇಳಬಹುದು. ಒಂದು ಡ್ರಮ್ಮಿನಲ್ಲಾದರೂ ಹಿಡಿದಿಟ್ಟು ಕೇಪಳ, ಗುಲಾಬಿ, ಸಂಪಿಗೆಗೆ ಮೀಸಲಿಡಿ. ತಿಂಗಳಿಗೊಮ್ಮೆ ತಳದಿಂದ ಧಾರಾಳವಾಗಿ ಹರಿಯುವಷ್ಟು ಕೊಟ್ಟು ಕುಂಡವನ್ನು ತೊಳೆಯಿರಿ.

ಕಾಂಪೌಂಡಿನ ಮೂಲೆಯಲ್ಲಿ ಏನು ಮಾಡಿದರೂ ಒಣಗದ ತೇವದ ಜಾಗ ಇದ್ದರೆ ಅಲ್ಲಿಂದ ಕೇಪಳವನ್ನು ಎತ್ತಿಬಿಡಿ. ಕೆಸು, ಒಂದೆಲಗ, ಬಜೆ ನೆಡಿ. ಇವುಗಳ ಬೇರಿಗೆ ಕೆಸರು ಹೊಸದಲ್ಲ. ಆದರೆ ಮಣ್ಣಿಗಾಗಿ ಈಗಿನ ಕೆರೆಗಳಿಂದ ಗೋಡು ತರಿಸಬೇಡಿ. ನಮ್ಮ ಹಿರಿಯರು ಹೊಲಕ್ಕೆ ಹೊಡೆಯುತ್ತಿದ್ದ ಗೋಡಿನ ಕಾಲದಲ್ಲಿ ಕೆರೆಗೆ ಚರಂಡಿ ಸೇರುತ್ತಿರಲಿಲ್ಲ. ತಿನ್ನುವ ಸೊಪ್ಪಿಗಂತೂ ಅದು ಸಲ್ಲದು, ಹೊಲದ ಕೆಂಪು ಮಣ್ಣಿಗೆ ಎರೆಗೊಬ್ಬರ ಬೆರೆಸಿಕೊಂಡರೆ ಕೆಸು ಎರಡೇ ತಿಂಗಳಲ್ಲಿ ಪತ್ರೊಡೆಗೆ ಆಗುವಷ್ಟು ಎಲೆ ಬಿಡುತ್ತದೆ.