ಉದಯನಾಚಾರ್ಯರ ಕೀರ್ತಿಯೂ ಶ್ರೀಭಾಷ್ಯದ ಒಂದು ಅಧಿಕರಣವೂ

ಈಶ್ವರನ ಅಸ್ತಿತ್ವವನ್ನು ಕುರಿತ ಮಾತು ಎದ್ದೊಡನೆ ನಮ್ಮ ವಿದ್ವಜ್ಜನರು ಮೊದಲು ಸ್ಮರಿಸುವುದು ಉದಯನಾಚಾರ್ಯರನ್ನು. ಪುರಿಯಲ್ಲಿ ಜಗನ್ನಾಥನ ದರ್ಶನ ದೊರೆಯದೆ ಹೋದಾಗ, ಬೌದ್ಧರು ಎದುರಾದಂದು ನಿನ್ನ ಇರವು ನನ್ನನ್ನೇ ನಂಬಿಕೊಂಡಿತ್ತೆಂದು ಅವರು ದೇವರಿಗೇ ನೆನಪು ಮಾಡಿಕೊಟ್ಟರೆಂಬ ಐತಿಹ್ಯವು ಈ ಸ್ಮರಣೆಗೆ ಮೆರುಗನ್ನಿತ್ತಿದೆ. ಅವರ ನ್ಯಾಯಕುಸುಮಾಂಜಲಿಯ ಐದು ಸ್ತಬಕಗಳನ್ನು ಓದಿದವರಿಗಿಂತ, ಐದನೆಯ ಸ್ತಬಕದ ಆದಿಯಲ್ಲಿ ಹೇತುಗಳನ್ನು ಪೋಣಿಸಿದ ಕಾರಿಕೆಯೊಂದನ್ನು ಕಂಠಸ್ಥ ಮಾಡಿಕೊಂಡು ಅದನ್ನೇ ಸಿದ್ಧಾಂತವೆಂದು ಸಾರುವವರ ಸಂಖ್ಯೆಯೇ ಹೆಚ್ಚೆಂಬುದು ನನ್ನ ಗುಮಾನಿ. ಆ ಸ್ತಬಕಕ್ಕೆ ಸಂದಿರುವ ಗೌರವ ಅದರ ಯೋಗ್ಯತೆಯನ್ನು ಮೀರಿದ್ದು. ಅದನ್ನು ಬುಡಮಟ್ಟ ಅಲುಗಾಡಿಸಿದ ಬರಹವಾದರೋ ನಾಸ್ತಿಕರದಲ್ಲದ ಕಾರಣದಿಂದಲೇ ಉಪೇಕ್ಷೆಗೆ ಗುರಿಯಾಗಿದೆ.

ಉದಯನರ ಗದ್ಯದ ಬಿಗುವನ್ನೂ ಪರಿಹಾಸದ ಹರಿತವನ್ನೂ ಯಾರೂ ಅಲ್ಲಗಳೆಯಲಾರರು. ಮೂರನೆಯ ಸ್ತಬಕದಲ್ಲಿ, ಕಾಣದುದು ಇಲ್ಲವೆಂಬ ಚಾರ್ವಾಕನನ್ನು ಅವರು ಮನೆಯಿಂದ ಹೊರಗೆ ಕಳುಹಿಸಿ ನೋಡುತ್ತಾರೆ. ಹೊಸ್ತಿಲು ದಾಟಿದೊಡನೆ ಹೆಂಡತಿಮಕ್ಕಳು ಕಣ್ಣಿಗೆ ಮರೆಯಾದುದರಿಂದ, ತನ್ನ ಮತಕ್ಕೆ ನಿಷ್ಠನಾದ ಆ ಬಡಪಾಯಿ ಅವರು ಇಲ್ಲವಾದರೆಂದು ನಿಶ್ಚಯಿಸಿ ಎದೆ ಬಡಿದುಕೊಂಡು ಅಳಬೇಕಾದೀತು. ಕಾಣಲು ಯೋಗ್ಯವಾದ ವಸ್ತು ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧಿಸುವುದಲ್ಲದೆ, ಸ್ವಭಾವತಃ ಅತೀಂದ್ರಿಯವಾದುದರ ಅದರ್ಶನದಿಂದ ಏನೂ ಸಿದ್ಧಿಸದೆಂಬ ಈ ತತ್ತ್ವ ಇಂದಿಗೂ ಅಚಲವಾಗಿದೆ. ಆದರೆ ಇದು ನಿಷೇಧದ ನಿಷೇಧ, ಸಾಧನೆಯಲ್ಲ.

ಸಾಧನೆಯ ಭಾರವನ್ನು ಹೊತ್ತ ಐದನೆಯ ಸ್ತಬಕದಲ್ಲಿ ಅಣುಗಳ ಎಣಿಕೆಯಿಂದ ದೇವರನ್ನು ಸಾಧಿಸುವ ವಿಚಿತ್ರ ಯುಕ್ತಿಯೂ ಇದೆ. ದ್ವ್ಯಣುಕದ ಪರಿಮಾಣಕ್ಕೆ ಪರಮಾಣುಗಳ ದ್ವಿತ್ವಸಂಖ್ಯೆ ಕಾರಣ. ದ್ವಿತ್ವವು ಎಣಿಸುವ ಬುದ್ಧಿಯನ್ನು ಅಪೇಕ್ಷಿಸುತ್ತದೆ. ಸೃಷ್ಟಿಯ ಮೊದಲಲ್ಲಿ ನಮ್ಮಂಥವರಾರೂ ಇರಲಿಲ್ಲವಾದ್ದರಿಂದ ಎಣಿಸಿದವನು ಈಶ್ವರ! ವೈಶೇಷಿಕರ ಸಂಖ್ಯಾವಾದವನ್ನು ಒಪ್ಪದವನಿಗೆ ಇದರಿಂದ ಆಗಬೇಕಾದುದೇನೂ ಇಲ್ಲ. ಉಳಿದವನ್ನು ಬದಿಗಿಟ್ಟು ಮುಖ್ಯಹೇತುವಾದ ಕಾರ್ಯತ್ವವನ್ನೇ ನೋಡೋಣ. ಕಾರ್ಯವಾದುದಕ್ಕೆಲ್ಲ ಕರ್ತನಿರಬೇಕು, ಘಟದಂತೆ, ಭೂಮಿಯೂ ಕಾರ್ಯ, ಆದುದರಿಂದ ಅದಕ್ಕೂ ಒಬ್ಬ ಕರ್ತನು. ಶರೀರವಿಲ್ಲದ ಕರ್ತನನ್ನು ಎಲ್ಲಿ ಕಂಡಿರೆಂದು, ಭೂಮಿಯು ಶರೀರದಿಂದ ಹುಟ್ಟದ ಕಾರಣ ಅಕರ್ತೃಕವೆಂದು ಎದುರಾಳಿ ಪ್ರತ್ಯನುಮಾನ ಹೂಡಿದರೆ ನೈಯಾಯಿಕರ ಉತ್ತರ ಸಿದ್ಧವಾಗಿದೆ: ‘ಶರೀರ’ವೆಂಬ ವಿಶೇಷಣವೇ ವ್ಯರ್ಥ, ಹುಟ್ಟಿಲ್ಲವೆಂದರೆ ಸಾಕು, ಹುಟ್ಟಿಲ್ಲವೆನ್ನಲು ಮಾತ್ರ ನೀವು ಕಾರ್ಯತ್ವವನ್ನೇ ನಿರಾಕರಿಸಬೇಕಾಗುತ್ತದೆ. ಎಷ್ಟು ಚೊಕ್ಕವಾದ ಪಟ್ಟು! ಎದುರಾಳಿಯನ್ನು ಕೆಡವುವುದಕ್ಕೆ ಇದು ಸಾಲುತ್ತದೆ. ಅವನ ಸಂದೇಹವನ್ನು ಕಳೆಯುವುದಕ್ಕೆ ಸಾಲದು. ಕುಂಬಾರನನ್ನು ದೃಷ್ಟಾಂತವಾಗಿ ಕರೆತಂದವರೇ ಅವನ ಕೈಗಳನ್ನು ಮಾತ್ರ ಬೇಡವೆನ್ನುವುದು ಯಾವ ನ್ಯಾಯವೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈಗ ಶ್ರೀಭಾಷ್ಯದ ಶಾಸ್ತ್ರಯೋನಿತ್ವಾಧಿಕರಣವನ್ನು ಓದಬೇಕು. ಅನುಮಾನದಿಂದಲೇ ಬ್ರಹ್ಮವು ಸಿದ್ಧಿಸುವುದಾದರೆ ಶಾಸ್ತ್ರಕ್ಕೇನು ಕೆಲಸವೆಂಬ ಪೂರ್ವಪಕ್ಷವನ್ನು ರಾಮಾನುಜಾಚಾರ್ಯರು ಎಲ್ಲ ಬಲದೊಡನೆಯೂ ನಿಲ್ಲಿಸಿ, ಬಳಿಕ ಪ್ರತ್ಯನುಮಾನದ ಗೊಡವೆಗೇ ಹೋಗದೆ, ನಿಮ್ಮ ಹೇತುವಿನಿಂದ ಹೊರಡುವುದು ಎಷ್ಟೆಂದು ಲೆಕ್ಕ ಕೇಳುತ್ತಾರೆ. ಭೂಮಿ, ಪರ್ವತ, ಸಮುದ್ರಗಳು ಅವಯವಗಳಿಂದ ಕೂಡಿದ ಕಾರ್ಯಗಳೇ ಆಗಿರಲಿ. ಅವೆಲ್ಲವೂ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದವೆಂಬುದಕ್ಕೆ ಪ್ರಮಾಣವೆಲ್ಲಿ? ಲೋಕದಲ್ಲಿ ಬೇರೆ ಬೇರೆ ಕಾರ್ಯಗಳಿಗೆ ಬೇರೆ ಬೇರೆ ಕಾಲಗಳೂ ಬೇರೆ ಬೇರೆ ಕರ್ತರೂ ಕಾಣುತ್ತಾರಲ್ಲವೆ? ಪುಣ್ಯವಿಶೇಷದಿಂದ ಅಸಾಧಾರಣ ಶಕ್ತಿಯನ್ನು ಪಡೆದ ಜೀವರೇ ಇವನ್ನು ನಿರ್ಮಿಸಿರಬಾರದೇಕೆ? ಅಶರೀರನು ಸಂಕಲ್ಪಮಾತ್ರದಿಂದ ಮಾಡಿದನೆಂದರೆ, ಮನಸ್ಸು ನಿತ್ಯವೆಂದು ಒಪ್ಪಿದರೂ ದೇಹವನ್ನು ತೊರೆದ ಮುಕ್ತರಲ್ಲಿ ಅದು ಯಾವ ಕಾರ್ಯವನ್ನೂ ಹುಟ್ಟಿಸದೆಂದು ತೋರಿಸಿ ಆ ದಾರಿಯನ್ನೂ ಮುಚ್ಚುತ್ತಾರೆ.

ಇದಕ್ಕೆ ನೈಯಾಯಿಕರ ಪರವಾಗಿ ಹೇಳಬಹುದಾದುದು ಲಾಘವ: ಒಬ್ಬನಿಂದಲೇ ನಿರ್ವಾಹವಾಗುವಾಗ ಹಲವರನ್ನು ಕಲ್ಪಿಸುವುದು ಗೌರವದೋಷ. ಈ ಉತ್ತರವನ್ನು ನಾನು ಬಹುಕಾಲ ಮೆಲುಕು ಹಾಕಿದ್ದೇನೆ. ಮೆಲುಕು ಹಾಕಿದಷ್ಟೂ ಅದು ಸಪ್ಪೆಯಾಗುತ್ತದೆ. ಲಾಘವವು ಪ್ರಮಾಣಕ್ಕೆ ಸಹಾಯಕವೇ ಹೊರತು ತಾನೇ ಪ್ರಮಾಣವಲ್ಲ. ಹಳೇಬೀಡಿನ ದೇವಾಲಯವನ್ನು ಕಂಡು, ಒಬ್ಬನೇ ಶಿಲ್ಪಿಯೆಂದರೆ ಲಾಘವವೆಂದು ಯಾರಾದರೂ ತೀರ್ಮಾನಿಸುತ್ತಾರೆಯೆ? ಕಾರ್ಯವು ದೊಡ್ಡದಾದಷ್ಟೂ ಕೈಗಳು ಹೆಚ್ಚೆಂಬುದೇ ನಮಗೆ ದೊರೆತ ವ್ಯಾಪ್ತಿ. ದೃಷ್ಟಾಂತವನ್ನು ಲೋಕದಿಂದ ಎರವಲು ತಂದವರು ಲೋಕದ ಈ ಪಾಠವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಈ ಪ್ರಕರಣದ ಮೂಲಕ ಆಚಾರ್ಯರು ತಮ್ಮ ಪರಮಗುರುಗಳ ಮಾರ್ಗದಿಂದಲೂ ದೂರ ಸರಿದರೆಂಬುದನ್ನು ಗಮನಿಸಿದವರು ವಿರಳ. ಯಾಮುನಾಚಾರ್ಯರ ಈಶ್ವರಸಿದ್ಧಿಯಲ್ಲಿ ನಮಗೆ ಉಳಿದಿರುವ ಭಾಗವು ಅನುಮಾನವನ್ನೇ ನೆಚ್ಚಿದೆ. ಗುರುಪರಂಪರೆಯನ್ನು ಅಷ್ಟು ಗೌರವಿಸಿದವರು ಯಾರ ಹೆಸರನ್ನೂ ಎತ್ತದೆ ಇಂತಹ ವಿಷಯದಲ್ಲಿ ತಿರುಗಿ ನಿಂತುದು ಸಾಮಾನ್ಯ ಧೈರ್ಯವಲ್ಲ. ಆದರೂ ಮಠದ ವ್ಯಾಖ್ಯಾತೃಗಳು ಇಲ್ಲಿಗೆ ಬಂದಾಗ ಹೆಜ್ಜೆಯನ್ನು ತ್ವರೆಗೊಳಿಸುತ್ತಾರೆ. ದೇವರಿಗೆ ಪ್ರಮಾಣವಿಲ್ಲವೆಂಬ ಅಪಾರ್ಥ ಶ್ರೋತೃಗಳಲ್ಲಿ ಹುಟ್ಟೀತೆಂಬ ಭಯ. ವಿಚಾರವಾದಿಗಳಾದರೋ ಈ ಖಂಡನೆಯನ್ನು ಹ್ಯೂಮ್‌ನಿಂದ ಎರವಲು ತರುತ್ತಾರೆ. ಅವನು ತೀರಿಕೊಂಡ ಮೇಲೆ 1779ರಲ್ಲಿ ಅಚ್ಚಾದ ಸಂವಾದಗಳಲ್ಲಿ, ಮನೆಯನ್ನೋ ಹಡಗನ್ನೋ ಹಲವರು ಕೂಡಿ ಕಟ್ಟುವಂತೆ ಜಗತ್ತನ್ನೂ ಹಲವು ದೇವತೆಗಳು ಕಟ್ಟಿರಬಾರದೇಕೆಂಬ ಪ್ರಶ್ನೆ ಇದೆಯಷ್ಟೆ. ಇದನ್ನು ಕೇಳಿದೊಡನೆ ಎದೆಯುಬ್ಬಿಸಿ, ನಮ್ಮವರು ಆರು ಶತಮಾನಗಳಿಗೂ ಹಿಂದೆಯೇ ಹೇಳಿದ್ದರೆನ್ನುವ ಮೂರನೆಯ ಪಂಗಡವೊಂದಿದೆ. ನನಗೆ ಮೊದಲ ಇಬ್ಬರಿಗಿಂತ ಇವರೇ ಹೆಚ್ಚು ಬೇಸರ ತರಿಸುತ್ತಾರೆ. ಹ್ಯೂಮ್‌ನ ಪಾತ್ರವು ಪ್ರಶ್ನೆಯನ್ನೆಸೆದು ಸಂದೇಹದಲ್ಲಿ ವಿಹರಿಸುತ್ತದೆ. ರಾಮಾನುಜರು ಅನುಮಾನವನ್ನು ತಳ್ಳಿಹಾಕುವುದು ಶ್ರುತಿಗೆ ಮಾತ್ರ ದಾರಿಯನ್ನು ತೆರವು ಮಾಡುವುದಕ್ಕೆ. ವಾಕ್ಯ ಒಂದೇ ಆದರೂ ಪ್ರಯೋಜನ ಬೇರೆ. ನಮ್ಮ ಉಡುಪಿಯ ಮಧ್ವಾಚಾರ್ಯರೂ ಬ್ರಹ್ಮವಿಷಯದಲ್ಲಿ ಅನುಮಾನಕ್ಕೆ ಸ್ವಾತಂತ್ರ್ಯವನ್ನು ಕೊಡಲಿಲ್ಲ. ವೇದಗಳನ್ನು ಅಪೌರುಷೇಯವೆನ್ನುವ ಅವರಿಗೆ, ವೇದಕರ್ತೃವಾಗಿ ಈಶ್ವರನನ್ನು ಸಾಧಿಸುವ ಉದಯನರ ಹೇತುವೂ ನಿರುಪಯೋಗಿ.

ಈ ಜಯಕ್ಕೆ ರಾಮಾನುಜರು ತೆತ್ತ ಬೆಲೆಯೂ ಉಂಟು. ಶ್ರುತಿಯನ್ನು ಒಪ್ಪದ ಬೌದ್ಧನೊಡನೆ ಉದಯನರು ಮಾತಾಡಬಲ್ಲರು. ಈ ಅಧಿಕರಣವು ಮುಗಿದ ಮೇಲೆ ಭಾಷ್ಯಕಾರರಿಗೆ ಅವನೊಡನೆ ಈಶ್ವರನ ವಿಷಯವಾಗಿ ಆಡಲು ಮಾತೇ ಉಳಿಯುವುದಿಲ್ಲ. ಅದನ್ನು ಅವರು ಬಲ್ಲರು, ಬಲ್ಲರಾದರೂ ಹಿಂಜರಿಯುವುದಿಲ್ಲ; ನನ್ನ ಒಲವು ಅವರ ಕಡೆಗಿರಲು ಈ ನಿರ್ದಾಕ್ಷಿಣ್ಯವೇ ಕಾರಣ. ನಮ್ಮ ಪಾಠಶಾಲೆಗಳಲ್ಲಿ ಕುಸುಮಾಂಜಲಿಯನ್ನು ಹೇಳಿಕೊಡುವವರು ಮೂರನೆಯ ಸ್ತಬಕವನ್ನು ಸಾವಧಾನವಾಗಿ ಓದಿಸಲಿ. ಐದನೆಯದಕ್ಕೆ ಬಂದಾಗ ಮಾತ್ರ ಪಕ್ಕದಲ್ಲಿ ಶ್ರೀಭಾಷ್ಯವನ್ನೂ ತೆರೆದಿಡಲಿ.