ಹೆಸರು ಕೇಳದ ಕ್ಯಾಮೆರಾ

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಮೊದಲು ತೋರಿಸಿದ್ದು ಅಮೆರಿಕದ ಒಬ್ಬ ತಾಯಿಯ ಚಿತ್ರ. ಕೆನ್ನೆಗೆ ಕೈ ಹಚ್ಚಿ ಕೂತಿದ್ದಾಳೆ. ಎರಡು ಮಕ್ಕಳು ಅವಳ ಹೆಗಲಿಗೆ ಒರಗಿ ಮುಖ ಮರೆಸಿಕೊಂಡಿವೆ. ಮಡಿಲಲ್ಲಿ ಕೂಸು. ಬೆಳಕು ಹೇಗಿದೆ, ಚೌಕಟ್ಟು ಎಷ್ಟು ಬಿಗಿ ಅಂತೆಲ್ಲ ಮೇಷ್ಟ್ರು ಬಿಡಿಸಿ ಹೇಳಿದರು. ಆ ತಾಯಿಯ ಹೆಸರು ಹೇಳಲಿಲ್ಲ. ನಾವೂ ಕೇಳಲಿಲ್ಲ.

1936ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಇದನ್ನು ತೆಗೆದವರು ಡೊರೊಥಿಯಾ ಲ್ಯಾಂಗ್. ಸರ್ಕಾರದ ಕೆಲಸದ ಮೇಲೆ ಹೋಗಿದ್ದ ಅವರೂ ಹೆಸರು ಕೇಳಿರಲಿಲ್ಲ. ಪತ್ರಿಕೆಯಲ್ಲಿ ಸುದ್ದಿ ಬಂತು, ಬಿಡಾರಕ್ಕೆ ಆಹಾರ ಬಂತು. ಅಷ್ಟರಲ್ಲಿ ಆ ಸಂಸಾರ ಬೇರೆ ಕಡೆ ಹೊರಟುಹೋಗಿತ್ತು. ಅವರು ಚೆರೊಕೀ ಮೂಲದ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಲೋಕಕ್ಕೆ ಗೊತ್ತಾದದ್ದು 1978ರಲ್ಲಿ! ಲ್ಯಾಂಗ್ ಅವರ ಕರುಣೆ ಸುಳ್ಳು ಅಂತ ನಾವು ಅನ್ನೋದಿಲ್ಲ. ಬರೀ ಕರುಣೆ ಸಾಲದು ಅಂತೀವಿ.

1942ರಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಜನಾಂಗದ ಗಾರ್ಡನ್ ಪಾರ್ಕ್ಸ್, ಸರ್ಕಾರಿ ಕಚೇರಿ ಗುಡಿಸುತ್ತಿದ್ದ ಎಲಾ ವಾಟ್ಸನ್ ಅವರನ್ನು ಮೊದಲು ಮಾತಾಡಿಸಿದರು, ಬದುಕಿನ ಕತೆ ಕೇಳಿದರು. ಆಮೇಲೆ ದೇಶದ ಬಾವುಟದ ಮುಂದೆ ಪೊರಕೆ ಸಮೇತ ನಿಲ್ಲಿಸಿ ಚಿತ್ರ ತೆಗೆದರು. ಅಲ್ಲಿಗೇ ಬಿಡಲಿಲ್ಲ. ಅವರ ಮನೆಗೆ, ಚರ್ಚಿಗೆ ಹೋಗಿ ಇಡೀ ಬದುಕನ್ನೇ ತೆಗೆದರು. ಕಲಿಸಬೇಕಾದ ಪಾಠ ಇದು.

ನಮ್ಮ ಪಕ್ಕದ ತಮಿಳುನಾಡಿನಲ್ಲಿ ಎಂ. ಪಳನಿ ಕುಮಾರ್ ಇದ್ದಾರೆ. ಮೀನು ಮಾರಿದ ತಾಯಿಯ ಮಗ. ಮಲ ಬಳಿಯುವವರ ಬದುಕು ತೋರಿಸಿದ 2017ರ 'ಕಕ್ಕೂಸ್' ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದವರು. ಪೌರಕಾರ್ಮಿಕರ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟು ಕಲಿಸಿದವರು.

ನಮ್ಮ ತರಗತಿಗಳು ಏನು ಕಲಿಸ್ತಿವೆ? 2013ರ ಕಾಯಿದೆ ಬಂದಮೇಲೂ ನಮ್ಮವರು ಮ್ಯಾನ್‌ಹೋಲಿನಲ್ಲಿ ಸಾಯ್ತಿದ್ದಾರೆ. ಹೆಣದ ಚಿತ್ರ ಬರುತ್ತೆ; ಅಡಿಯಲ್ಲಿ 'ಕಾರ್ಮಿಕ' ಅಂತ ಒಂದೇ ಮಾತು. ಒಳಗೆ ಇಳಿಸಿದ ಗುತ್ತಿಗೆದಾರ ಮಾತ್ರ ಯಾವ ಚಿತ್ರದಲ್ಲೂ ಇರೋದಿಲ್ಲ. ಅಚ್ಚಿನ ಪತ್ರಿಕೆಯಾದರೆ ನಾಳೆ ಬೋಂಡ ಕಟ್ಟೋಕೆ ಹೋಗುತ್ತೆ. ಅಂತರ್ಜಾಲದ್ದು ಹಾಗೆ ಹೋಗೋದಿಲ್ಲ. ಹತ್ತು ವರ್ಷದ ಮೇಲೂ ಮಗಳು ಮೊಬೈಲಿನಲ್ಲಿ ಅಪ್ಪನ ಹೆಣ ನೋಡಬೇಕಾಗುತ್ತೆ.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಮಾತು. ನಿಮ್ಮ ಮೊಬೈಲನ್ನು ಒಂದು ದಿನ ಕೇರಿಯ ಮಕ್ಕಳ ಕೈಗೆ ಕೊಡಿ. ಬೆಳಕು, ಚೌಕಟ್ಟು ಆಮೇಲೆ ಕಲೀತಾರೆ. ಮೊದಲು ಹೆಸರು ಕೇಳಲಿ, ಒಪ್ಪಿಗೆ ಕೇಳಲಿ, ತೆಗೆದ ಚಿತ್ರವನ್ನು ಅವರಿಗೇ ತೋರಿಸಲಿ. 'ಬೇಡ' ಅಂದರೆ ಅಳಿಸಲಿ. ಈ ಸ್ಥಿತಿಗೆ ಕಾರಣ ಯಾರು ಅಂತ ಚಿತ್ರದ ಅಡಿಯಲ್ಲಿ ಬರೀಲಿ.

ನಮ್ಮ ಮುಖ ಇಷ್ಟು ದಿನ ಬೇರೆಯವರು ತೆಗೆದರು. ಇನ್ನು ನಾವೇ ತೆಗೀತೀವಿ.